ಹೈಕಮಾಂಡೇ ಇಲ್ಲದ ಕಡೆ ನಾಯಕರ ಬೆಂಬಲಕ್ಕೆ ಏನು ಬೆಲೆ? ಅಮೆರಿಕದ ಪ್ರೈಮರಿ ಬಗ್ಗೆ ಗೊತ್ತಿರೋರು ಹೇಳಿ

ತುಂಗಾ_ತೀರ:
ಎಲ್ರಿಗೂ ನಮಸ್ಕಾರ. ಬಹಳ ದಿನದಿಂದ ತಲೇಲಿ ಕೊರೀತಿರೋ ಪ್ರಶ್ನೆ ಇದು. ನಮ್ಮಲ್ಲಿ ಎಲೆಕ್ಷನ್ ಅಂದ್ರೆ ಬಿ ಫಾರ್ಮ್ ಯಾರ ಕೈಗೆ ಸಿಕ್ತು ಅನ್ನೋದೇ ಅರ್ಧ ಕತೆ. ದೆಹಲಿಯಿಂದ ಲಿಸ್ಟ್ ಬಂತು ಅಂದ್ರೆ ಮುಗೀತು, ಅದ್ರಲ್ಲಿ ಹೆಸರಿಲ್ಲದೋನು ಒಂದೋ ಮುನಿಸ್ಕೊಂಡು ಮನೇಲಿ ಕೂರ್ತಾನೆ ಇಲ್ಲಾ ಪಕ್ಷೇತರ ನಿಲ್ತಾನೆ. ಅಮೆರಿಕದಲ್ಲಿ ಹಾಗಿಲ್ವಂತೆ, ಅಧ್ಯಕ್ಷ ಸ್ಥಾನಕ್ಕೆ ಪಕ್ಷದ ಕಡೆಯಿಂದ ಯಾರು ನಿಲ್ಲಬೇಕು ಅನ್ನೋದನ್ನೇ ಜನ ಒಂದೊಂದು ರಾಜ್ಯದಲ್ಲಿ ವೋಟ್ ಹಾಕಿ ತೀರ್ಮಾನ ಮಾಡ್ತಾರಂತೆ, ಅದಕ್ಕೇ ಪ್ರೈಮರಿ ಅನ್ನೋದಂತೆ. ಹಾಗಿದ್ಮೇಲೆ ಇಂಥ ಸೆನೆಟರ್ ಇಂಥೋರಿಗೆ ಬೆಂಬಲ ಘೋಷಿಸಿದ್ರು, ಇಂಥ ಗವರ್ನರ್ ಆ ಕಡೆ ಹೋದ್ರು ಅಂತ ಅಷ್ಟು ದೊಡ್ಡ ಸುದ್ದಿ ಯಾಕಾಗುತ್ತೆ? 2016ರಲ್ಲಿ ಟ್ರಂಪ್ ಹಿಂದೆ ಪಕ್ಷದ ದೊಡ್ಡೋರು ಹೆಚ್ಚು ಕಮ್ಮಿ ಯಾರೂ ಇರ್ಲಿಲ್ಲ, ಆದ್ರೂ ಗೆದ್ರು. 2020ರಲ್ಲಿ ಒಬ್ಬರ ಒಂದು ಮಾತಿಂದ ಬೈಡನ್ ಎದ್ದು ಕೂತ್ರು ಅಂತಾರೆ. ಎರಡೂ ನಿಜ ಆಗೋಕೆ ಹೇಗೆ ಸಾಧ್ಯ? ಅಲ್ಲೇ ಇರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಕೊಲಂಬಿಯಾ_ಕನ್ನಡಿಗ:
ಒಳ್ಳೆ ಪ್ರಶ್ನೆ ಸರ್. ನಾನು ಸೌತ್ ಕ್ಯಾರೊಲಿನಾದ ಕೊಲಂಬಿಯಾದಲ್ಲಿರೋದು, 2020ರ ಆ ವಾರ ಕಣ್ಣಾರೆ ನೋಡಿದೀನಿ. ಅವಾಗ ನನಗಿನ್ನೂ ವೋಟ್ ಇರ್ಲಿಲ್ಲ, ನೋಡೋದಷ್ಟೇ ಕೆಲಸ.

ಮೊದಲು ಡೆಮಾಕ್ರಾಟಿಕ್ ಪಕ್ಷದ ಪ್ರೈಮರೀಲಿ ಬೈಡನ್ ಸ್ಥಿತಿ ಹೇಗಿತ್ತು ಅಂತ ಹೇಳ್ತೀನಿ. ಫೆಬ್ರವರಿ 3ಕ್ಕೆ ಅಯೋವಾದಲ್ಲಿ ನಾಲ್ಕನೇ ಸ್ಥಾನ, 11ಕ್ಕೆ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಐದನೇ ಸ್ಥಾನ, ನೂರಕ್ಕೆ ಒಂಬತ್ತು ವೋಟೂ ಬೀಳ್ಲಿಲ್ಲ. ಅವತ್ತು ರಿಸಲ್ಟ್ ಬರೋಕೆ ಮುಂಚೆನೇ ಅವರು ಅಲ್ಲಿಂದ ಹೊರಟು ನಮ್ಮ ಕೊಲಂಬಿಯಾಗೆ ಬಂದುಬಿಟ್ಟಿದ್ರು. ನೆವಾಡಾದಲ್ಲಿ ಎರಡನೇ ಸ್ಥಾನ ಬಂತು, ಆದ್ರೆ ಅಲ್ಲಿ ಗೆದ್ದ ಬರ್ನಿ ಸ್ಯಾಂಡರ್ಸ್‌ಗೂ ಅವರಿಗೂ ಅಂತರ ಎಷ್ಟಿತ್ತು ಅಂದ್ರೆ ಟಿವಿಯಲ್ಲಿ ಸ್ಯಾಂಡರ್ಸೇ ಅಭ್ಯರ್ಥಿ ಅನ್ನೋ ಥರ ಮಾತಾಡೋಕೆ ಶುರು ಮಾಡಿದ್ರು.

ನಮ್ಮ ಲ್ಯಾಬಲ್ಲಿ ಒಬ್ಬ ಹಿರಿಯ ಕಪ್ಪು ಹೆಂಗಸು ಇದ್ರು, ಸ್ಯಾಂಪಲ್ ರಿಜಿಸ್ಟರ್ ನೋಡ್ಕೊಳ್ತಿದ್ರು, ನಾವೆಲ್ಲ ಅವರನ್ನ ಮಿಸ್ ಅಂತಾನೇ ಕರೀತಿದ್ದಿದ್ದು. ಯಾರಿಗೆ ವೋಟ್ ಅಂತ ಕೇಳಿದ್ರೆ ತಿಂಗಳಿಂದ ಒಂದೇ ಉತ್ತರ, "ಇನ್ನೂ ನೋಡ್ತಿದೀನಿ ಮಗನೇ". ಬೈಡನ್ ಮೇಲೆ ಪ್ರೀತಿ ಇತ್ತು, ಒಬಾಮಾ ಜೊತೆ ಎಂಟು ವರ್ಷ ನಿಂತೋರು ಅಂತ. ಆದ್ರೆ ಸೋಲೋ ಕುದುರೆ ಮೇಲೆ ವೋಟ್ ಹಾಕಿ ವ್ಯರ್ಥ ಮಾಡ್ಬೇಕಾ ಅನ್ನೋ ಭಯ. ಫೆಬ್ರವರಿ 26 ಬುಧವಾರ ನಮ್ಮ ರಾಜ್ಯದ ಹಿರಿಯ ಸಂಸದ ಜಿಮ್ ಕ್ಲೈಬರ್ನ್ ನಾರ್ತ್ ಚಾರ್ಲ್ಸ್‌ಟನ್‌ನ ಒಂದು ಕಾಲೇಜಲ್ಲಿ ಮೈಕ್ ಮುಂದೆ ನಿಂತ್ಕೊಂಡು, ನನಗೆ ಜೋ ಗೊತ್ತು, ನಮಗೆ ಜೋ ಗೊತ್ತು, ಅದಕ್ಕಿಂತ ಮುಖ್ಯವಾಗಿ ಜೋಗೆ ನಾವು ಗೊತ್ತು ಅಂತ ಹೇಳಿದ್ರು. ನಮ್ಮ ಮಿಸ್ ಊಟದ ಟೈಮಲ್ಲಿ ಫೋನಲ್ಲಿ ಅದನ್ನ ಎರಡು ಸಲ ನೋಡಿದ್ರು. ಡಬ್ಬಿ ಮುಚ್ಚಳ ಹಾಕಿ, "ಸರಿ, ಶನಿವಾರ ಕೆಲಸ ಬೇಗ ಮುಗಿಸ್ಕೋಬೇಕು" ಅಂತ ಎದ್ದು ಹೋದ್ರು.

ಶನಿವಾರ 29ಕ್ಕೆ ಪ್ರೈಮರಿ. ಬೈಡನ್‌ಗೆ ಶೇಕಡಾ 48ಕ್ಕೂ ಹೆಚ್ಚು, ಸ್ಯಾಂಡರ್ಸ್‌ಗೆ 20ರ ಆಸುಪಾಸು, 46 ಕೌಂಟಿಗಳಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 46ಕ್ಕೆ 46 ಬೈಡನ್ ಪಾಲು. 1988, 2008, 2020 ಅಂತ ಮೂರು ಸಲ ಅಧ್ಯಕ್ಷ ಸ್ಥಾನಕ್ಕೆ ಓಡಿದ ಮನುಷ್ಯನಿಗೆ ಅದು ಜೀವನದಲ್ಲೇ ಮೊದಲನೇ ಪ್ರೈಮರಿ ಗೆಲುವು.

ಅಂಕಿಅಂಶ:
ಕತೆ ಚೆನ್ನಾಗಿದೆ, ಆದ್ರೆ ಪೂರ್ತಿ ಶ್ರೇಯ ಕ್ಲೈಬರ್ನ್‌ಗೆ ಕೊಡೋಕೆ ನಾನು ಒಪ್ಪಲ್ಲ. ಬೈಡನ್ ಆ ರಾಜ್ಯದಲ್ಲಿ ಅದಕ್ಕೂ ಮುಂಚೆನೇ ಮುಂದಿದ್ರು, ಅಂತರ ಕಮ್ಮಿ ಆಗಿತ್ತು ಅಷ್ಟೇ. ಗೆದ್ದಿರೋ ಬೆಂಬಲ ಮಾತ್ರ ನೆನಪಿಟ್ಕೊಂಡು ಸೋತಿದ್ದನ್ನೆಲ್ಲ ಮರೆಯೋದು ನಮ್ಮ ಅಭ್ಯಾಸ. ನಾನು ಸೋತಿದ್ದನ್ನ ಹೇಳ್ತೀನಿ.

2003ರ ಡಿಸೆಂಬರ್‌ನಲ್ಲಿ ಅಲ್ ಗೋರ್ ನ್ಯೂಯಾರ್ಕ್‌ನ ಹಾರ್ಲೆಮ್‌ಗೆ ಬಂದು, ಡೆಮಾಕ್ರಾಟಿಕ್ ಪ್ರೈಮರೀಲಿದ್ದ ಹೊವಾರ್ಡ್ ಡೀನ್ ಕೈ ಹಿಡಿದು ಎತ್ತಿದ್ರು, ಗೋರ್ ಅಂದ್ರೆ ಹಿಂದಿನ ಚುನಾವಣೇಲಿ ಪಕ್ಷದ ಅಭ್ಯರ್ಥಿ ಆಗಿದ್ದೋರು, ಅದಕ್ಕಿಂತ ದೊಡ್ಡ ಹೆಸರು ಎಲ್ಲಿ ಸಿಗುತ್ತೆ? ಆರು ವಾರದಲ್ಲಿ ಅಯೋವಾದಲ್ಲಿ ಡೀನ್ ಮೂರನೇ ಸ್ಥಾನ. 2008ರ ಜನವರಿ ಕೊನೇಲಿ ಮ್ಯಾಸಚೂಸೆಟ್ಸ್ ಸೆನೆಟರ್ ಟೆಡ್ ಕೆನಡಿ ಒಬಾಮಾ ಪರ ನಿಂತ್ರು, ಅದೇ ಮ್ಯಾಸಚೂಸೆಟ್ಸ್‌ನ ಇನ್ನೊಬ್ಬ ಸೆನೆಟರ್ ಜಾನ್ ಕೆರಿ, ಗವರ್ನರ್ ಡೆವಾಲ್ ಪ್ಯಾಟ್ರಿಕ್ ಕೂಡ ಒಬಾಮಾ ಕಡೆನೇ. ಇಬ್ಬರೂ ಸೆನೆಟರು, ಮೇಲೆ ಗವರ್ನರು, ಮೂರೂ ಜನ ಒಂದೇ ಕಡೆ. ಫೆಬ್ರವರಿ 5ಕ್ಕೆ ಆ ರಾಜ್ಯ ಗೆದ್ದಿದ್ದು ಹಿಲರಿ ಕ್ಲಿಂಟನ್, ಅದೂ 15 ಪಾಯಿಂಟ್ ಅಂತರದಲ್ಲಿ. 2016ರಲ್ಲಿ ಸೌತ್ ಕ್ಯಾರೊಲಿನಾ ರಿಪಬ್ಲಿಕನ್ ಪ್ರೈಮರಿಗೆ ಮೂರು ದಿನ ಮುಂಚೆ ಗವರ್ನರ್ ನಿಕ್ಕಿ ಹೇಲಿ ಮಾರ್ಕೊ ರೂಬಿಯೊಗೆ ಬೆಂಬಲ ಕೊಟ್ರು, ಸೆನೆಟರ್ ಟಿಮ್ ಸ್ಕಾಟ್ ಕೂಡ ರೂಬಿಯೊ ಜೊತೆ. ಟ್ರಂಪ್ ಹತ್ತು ಪಾಯಿಂಟ್ ಅಂತರದಲ್ಲಿ ಗೆದ್ರು. ಅದೇ ರಾಜ್ಯ, ಅದೇ ಮೂರು ದಿನದ ಲೆಕ್ಕ, ಪಕ್ಷ ಬೇರೆ, ಫಲಿತಾಂಶ ಪೂರ್ತಿ ಉಲ್ಟಾ.

ಹುಬ್ಬಳ್ಳಿ_ಮಂದಿ:
ಅಲ್ರೀ, ನನಗ ಅನಸೋದು ಬ್ಯಾರೇನ ಐತಿ. ನಾಯಕರು ಬೆಂಬಲ ಕೊಟ್ಟದ್ದಕ್ಕ ಜನ ಹೋಗ್ತಾರೋ, ಜನ ಎತ್ತಾಗ ಹೊಂಟಾರ ನೋಡಿ ನಾಯಕರು ಅತ್ತಾಗ ಹೋಗ್ತಾರೋ? ಗಾಳಿ ಬಂದಾಗ ತೂರಿಕೋ ಅಂತ ನಮ್ಮ ಹಿರ್ಯಾರು ಸುಮ್ಮನ ಹೇಳ್ಯಾರೇನ್ರಿ? 2024ರ ರಿಪಬ್ಲಿಕನ್ ಪ್ರೈಮರಿ ನೋಡ್ರಿ. ಡಿಸ್ಯಾಂಟಿಸ್ ಫ್ಲಾರಿಡಾ ಗವರ್ನರ್, ತಮ್ಮ ರಾಜ್ಯದಾಗ ಭರ್ಜರಿ ಗೆದ್ದು ಬಂದ ಮನುಷ್ಯ. ಅವರು ನಾ ನಿಂತೀನಿ ಅಂತ ಹೇಳೂದ್ರಾಗ ಅವರ ರಾಜ್ಯದ ರಿಪಬ್ಲಿಕನ್ ಸಂಸದರ ಪೈಕಿ ಹೆಚ್ಚಿನವರು ಟ್ರಂಪ್ ಕಡೆ ಜಿಗದಿದ್ರು. ಟಿಮ್ ಸ್ಕಾಟ್ ಅವರನ್ನ ಸೆನೆಟ್‌ಗೆ ನೇಮಿಸಿದವರು ಯಾರು? ಆಗ ಗವರ್ನರ್ ಇದ್ದ ಇದ ನಿಕ್ಕಿ ಹೇಲಿ. 2024ರ ಜನವರಿಯೊಳಗ ಅದ ಸ್ಕಾಟ್ ನ್ಯೂ ಹ್ಯಾಂಪ್‌ಶೈರ್‌ಗೆ ಹೋಗಿ, ತಾವೂ ಕಣದಾಗಿದ್ದ ಹೇಲಿ ಎದುರಿಗೆ ಟ್ರಂಪ್ ಪಕ್ಕ ನಿಂತ್ರು. ಮುಂದ ಹೇಲಿ ತಮ್ಮ ಸ್ವಂತ ರಾಜ್ಯದಾಗೂ 60ಕ್ಕ 40ರ ಲೆಕ್ಕದಾಗ ಸೋತ್ರು. ಸ್ಕಾಟ್ ಮಾತಿಗೆ ಸೋತ್ರು ಅಂತ ಹೇಳಾಕ ಬರಂಗಿಲ್ಲ, ಜನ ಮೊದ್ಲ ಅತ್ತಾಗ ಇದ್ರು, ಇವರು ಹಿಂದಿಂದ ಹೋಗಿ ಕೂಡಿಕೊಂಡ್ರು.

ಅಯೋವಾದಾಗ ಗಾಳಿಗೆ ಎದುರಾಗಿ ನಿಂತಾಕಿ ಗವರ್ನರ್ ಕಿಮ್ ರೆನಾಲ್ಡ್ಸ್. ಆಕೀಗೆ ಸ್ವಂತ ರಾಜ್ಯದ ರಿಪಬ್ಲಿಕನ್ನರ ನಡುವ ಛಲೋ ಹೆಸರಿತ್ತು, ಡಿಸ್ಯಾಂಟಿಸ್‌ಗೆ ಬೆಂಬಲ ಕೊಟ್ರು, ಅವರು 99 ಕೌಂಟಿ ಪೂರಾ ಸುತ್ತಿದ್ರು, ಕಡೀಕ ಸಿಕ್ಕಿದ್ದು ಶೇಕಡಾ 21. ಟ್ರಂಪ್‌ಗೆ 51. ನ್ಯೂ ಹ್ಯಾಂಪ್‌ಶೈರ್ ಗವರ್ನರ್ ಸುನುನು ಹೇಲಿ ಪರ ಊರೂರು ತಿರುಗಿದ್ರು, ಅಲ್ಲೂ ಗೆದ್ದಿದ್ದು ಟ್ರಂಪ್. ಹಂಗಾಗಿ ಬೆಂಬಲ ಅನ್ನೋದು ಗಾಳಿ ಎತ್ತಾಗ ಐತಿ ಅಂತ ತೋರಿಸೋ ಬಾವುಟ, ಅದು ಗಾಳಿ ಹುಟ್ಟಿಸಂಗಿಲ್ಲ ಅಂತ ನನ್ನ ಮಾತು.

ಮೇಷ್ಟ್ರು_65:
ಇಬ್ಬರ ಮಾತಿನಲ್ಲೂ ಸತ್ಯ ಇದೆ. ಸ್ವಲ್ಪ ಹಿಂದಕ್ಕೆ ಹೋಗೋಣ, ಇದರ ಬೇರು ಗೊತ್ತಾದ್ರೆ ತುಂಗಾ_ತೀರ ಅವರ ಮೂಲ ಪ್ರಶ್ನೆಗೆ ಉತ್ತರ ಸಿಗುತ್ತೆ.

ಅಮೆರಿಕದಲ್ಲೂ ಒಂದು ಕಾಲಕ್ಕೆ ನಮ್ಮ ಥರದ ಹೈಕಮಾಂಡ್ ಇತ್ತು ಅನ್ನಬಹುದು, ಒಂದೇ ಕಡೆ ಅಲ್ಲ, ರಾಜ್ಯ ರಾಜ್ಯದಲ್ಲಿ, ದೊಡ್ಡ ದೊಡ್ಡ ಊರುಗಳಲ್ಲಿ. 1968ರಲ್ಲಿ ಡೆಮಾಕ್ರಾಟಿಕ್ ಪಕ್ಷ ಹ್ಯೂಬರ್ಟ್ ಹಂಫ್ರಿ ಅವರನ್ನ ಅಭ್ಯರ್ಥಿ ಮಾಡ್ತು, ಅವರು ಒಂದು ಪ್ರೈಮರಿಗೂ ಸ್ಪರ್ಧೆ ಮಾಡಿರ್ಲಿಲ್ಲ. ವಿಯೆಟ್ನಾಂ ಯುದ್ಧದ ವಿರುದ್ಧ ಪ್ರೈಮರಿಗಳಲ್ಲಿ ವೋಟ್ ಹಾಕಿದ್ದ ಹುಡುಗರು ಶಿಕಾಗೊ ಬೀದೀಲಿ ಪೊಲೀಸರ ಲಾಠಿ ತಿಂತಿದ್ರೆ ಒಳಗಡೆ ಸಭಾಂಗಣದಲ್ಲಿ ನಾಯಕರು ಹೆಸರು ಪಾಸ್ ಮಾಡಿದ್ರು. ನವೆಂಬರ್‌ನಲ್ಲಿ ನಿಕ್ಸನ್ ಗೆದ್ರು. ಆಮೇಲೆ ಮೆಕ್‌ಗವರ್ನ್ ಮತ್ತು ಫ್ರೇಸರ್ ಅವರ ಹೆಸರಿನ ಸಮಿತಿ ನಿಯಮ ಬದಲಾಯಿಸ್ತು, ಪಕ್ಷದ ಸಮಾವೇಶದಲ್ಲಿ ಅಭ್ಯರ್ಥಿ ಹೆಸರಿಗೆ ವೋಟ್ ಹಾಕೋ ಪ್ರತಿನಿಧಿಗಳನ್ನ ಆರಿಸೋ ಅಧಿಕಾರ ಸಾಮಾನ್ಯ ಮತದಾರರ ಕೈಗೆ ಹೋಯ್ತು. ಅಲ್ಲಿಗೆ ಅವರ ಬಿ ಫಾರ್ಮ್ ಕತೆ ಮುಗೀತು.

ಆದ್ರೆ ನಾಯಕರು ಸುಮ್ನೆ ಕೂರ್ತಾರಾ? 1984ರಿಂದ ಸೂಪರ್ ಡೆಲಿಗೇಟ್ ಅಂತ ವ್ಯವಸ್ಥೆ ಬಂತು, ಸಂಸದರು, ಗವರ್ನರ್‌ಗಳು, ಪಕ್ಷದ ಪದಾಧಿಕಾರಿಗಳು ಜನರ ತೀರ್ಪಿಗೆ ಕಟ್ಟುಬೀಳದೆ ತಮಗೆ ಬೇಕಾದೋರಿಗೆ ವೋಟ್ ಹಾಕಬಹುದಿತ್ತು. ಅಂದ್ರೆ ಅವರ ಬೆಂಬಲದ ಹೇಳಿಕೆ ಅಂದ್ರೆ ನೇರವಾಗಿ ಒಂದು ವೋಟು. 2016ರಲ್ಲಿ ಸ್ಯಾಂಡರ್ಸ್ ಕಡೆಯೋರು ಸಿಟ್ಟಾಗಿದ್ದು ಇದಕ್ಕೇ, ಮೊದಲ ರಾಜ್ಯದ ವೋಟ್ ಬೀಳೋಕೆ ಮುಂಚೆನೇ ನೂರಾರು ಸೂಪರ್ ಡೆಲಿಗೇಟ್‌ಗಳು ಕ್ಲಿಂಟನ್ ಹೆಸರಿಗೆ ಸೇರಿಹೋಗಿದ್ರು, ಟಿವಿಯೋರು ಆ ಲೆಕ್ಕ ಸೇರಿಸಿಯೇ ಪಟ್ಟಿ ತೋರಿಸ್ತಿದ್ರು. 2018ರಲ್ಲಿ ಪಕ್ಷ ನಿಯಮ ತಿದ್ದಿ, ಸ್ಪರ್ಧೆ ಇತ್ಯರ್ಥ ಆಗದೇ ಇದ್ದಾಗ ಮೊದಲ ಸುತ್ತಿನಲ್ಲಿ ಅವರು ವೋಟ್ ಹಾಕೋ ಹಾಗಿಲ್ಲ ಅಂತ ಮಾಡ್ತು. ಹಾಗಾಗಿ 2020ಕ್ಕೆ ಬರೋ ಹೊತ್ತಿಗೆ ನಾಯಕರ ಕೈಲಿ ಉಳಿದಿದ್ದು ಬಾಯಿಮಾತು ಮಾತ್ರ. ಬಾಯಿಮಾತಿಗೆ ಕಾನೂನಿನ ಬಲ ಇಲ್ಲ, ಹೇಳಿದೋರ ಮೇಲೆ ಜನಕ್ಕೆ ಎಷ್ಟು ನಂಬಿಕೆ ಇದೆಯೋ ಅಷ್ಟೇ ಬಲ.

ತುಂಗಾ_ತೀರ:
ಮೇಷ್ಟ್ರೇ ಬಹಳ ಉಪಕಾರ ಆಯ್ತು, ಈಗ ಹಿಡೀತಿದೆ. ಆದ್ರೆ ಬಾಯಿಮಾತೇ ಆಗಿದ್ರೆ ಕೆನಡಿ ಮಾತು ನಡೀಲಿಲ್ಲ, ಕ್ಲೈಬರ್ನ್ ಮಾತು ನಡೀತು, ಯಾಕೆ?

ಸುಮಕ್ಕ_ಮಿಶಿಗನ್:
ನಾನೂ ಒಂದು ಮಾತು ಹೇಳ್ತೀನಿ, ಅಧ್ಯಕ್ಷರ ಪ್ರೈಮರಿ ಅಲ್ಲ, ಗವರ್ನರ್ ಪ್ರೈಮರಿ, ಆದ್ರೆ ನಡೆಯೋ ರೀತಿ ಅದೇ, ಮತ್ತೆ ನಮ್ಮೋರು ಒಬ್ಬರು ಅದ್ರಲ್ಲಿ ಇದ್ರು. ಶ್ರೀ ಥಾಣೇದಾರ್ ಗೊತ್ತಲ್ವಾ, ಚಿಕ್ಕೋಡೀಲಿ ಹುಟ್ಟಿ ಬೆಳಗಾವೀಲಿ ಬೆಳೆದೋರು. 2018ರಲ್ಲಿ ಮಿಶಿಗನ್ ಗವರ್ನರ್ ಸ್ಥಾನಕ್ಕೆ ಡೆಮಾಕ್ರಾಟಿಕ್ ಪ್ರೈಮರಿಯಲ್ಲಿ ನಿಂತ್ರು. ಸ್ವಂತ ದುಡ್ಡು ಸುಮಾರು ಒಂದು ಕೋಟಿ ಡಾಲರ್ ಹಾಕಿದ್ರು, ಸೂಪರ್ ಬೌಲ್ ಮ್ಯಾಚ್ ಮಧ್ಯೆ ಅವರ ಜಾಹೀರಾತು ಬಂದಾಗ ನಮ್ಮ ಮನೇಲಿ ಎಲ್ಲರೂ ಹೋ ಅಂತ ಕೂಗಿದ್ವಿ, ಅತ್ತೆಯೋರಂತೂ ಬೆಳಗಾವಿ ಹುಡುಗ ಅಂತ ಒಂದು ವಾರ ಎಲ್ಲರಿಗೂ ಫೋನ್ ಮಾಡಿ ಹೇಳಿದ್ದು.

ಎದುರಿಗೆ ಗ್ರೆಚೆನ್ ವಿಟ್ಮರ್. ಆಟೋ ಕಾರ್ಮಿಕರ ಯೂನಿಯನ್, ಟೀಚರ್ಸ್ ಯೂನಿಯನ್ ಎಲ್ಲಾ ಅವರ ಕಡೆ. ಮೂರನೇ ಅಭ್ಯರ್ಥಿ ಅಬ್ದುಲ್ ಎಲ್ ಸಯೀದ್ ಅವರಿಗೆ ಬರ್ನಿ ಸ್ಯಾಂಡರ್ಸ್ ಬೆಂಬಲ. ನಮ್ಮ ಬೀದೀಲಿ ಪಕ್ಕದ ಮನೆಯೋರು ಕಾರ್ ಫ್ಯಾಕ್ಟರೀಲಿ ಮೂವತ್ತು ವರ್ಷ ದುಡಿದೋರು, ಅವರಿಗೆ ಯೂನಿಯನ್‌ನಿಂದ ಅಂಚೆ ಕಾರ್ಡ್ ಬಂದಿತ್ತು, ಯಾವ್ಯಾವ ಹುದ್ದೆಗೆ ಯಾರು ಅಂತ ಒಂದೇ ಕಡೆ ಪ್ರಿಂಟ್ ಮಾಡಿರೋದು. ಅವರು ಅದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿಟ್ಟಿದ್ರು. ಆಗಸ್ಟ್‌ನಲ್ಲಿ ವೋಟಿಗೆ ಹೋಗುವಾಗ ಅದನ್ನ ಕಿತ್ತು ಜೇಬಲ್ಲಿ ಮಡಚಿಟ್ಕೊಂಡು ಹೋಗಿದ್ದನ್ನ ನಾನೇ ನೋಡಿದೀನಿ. ಟಿವಿ ಜಾಹೀರಾತು ಎಷ್ಟು ಸಲ ಬಂದ್ರೂ ಆ ಕಾರ್ಡಿನ ಎದುರು ಏನೂ ನಡೀಲಿಲ್ಲ. ವಿಟ್ಮರ್ ಅರ್ಧಕ್ಕಿಂತ ಹೆಚ್ಚು ವೋಟ್ ತಗೊಂಡು 83 ಕೌಂಟೀಲೂ ಗೆದ್ರು, ಎಲ್ ಸಯೀದ್ ಎರಡನೇ ಸ್ಥಾನ, ಥಾಣೇದಾರ್ ಮೂರನೇ ಸ್ಥಾನ.

ಆದ್ರೆ ಅವರು ಬಿಡ್ಲಿಲ್ಲ, ಡೆಟ್ರಾಯಿಟ್‌ಗೆ ಮನೆ ಬದಲಾಯಿಸಿ, ಮೊದ್ಲು ರಾಜ್ಯದ ಶಾಸಕರಾಗಿ, 2022ರಲ್ಲಿ ಬಹಳ ಜನ ಇದ್ದ ಪ್ರೈಮರಿ ಗೆದ್ದು ಸಂಸದರಾದ್ರು. ಆ ಸಲ ಊರಿನ ನಾಯಕರ ಬೆಂಬಲ ಬೇರೆ ಬೇರೆ ಅಭ್ಯರ್ಥಿಗಳಿಗೆ ಹಂಚಿಹೋಗಿತ್ತು, ನೂರಕ್ಕೆ ಮೂವತ್ತು ವೋಟೂ ಇಲ್ಲದೆ ಗೆಲ್ಲೋಕಾಯ್ತು. ಎಲ್ಲಾ ನಾಯಕರು ಒಬ್ಬರ ಹಿಂದೆ ನಿಂತಿದ್ರೆ ಕತೆ ಬೇರೆ ಆಗ್ತಿತ್ತು ಅಂತ ನನಗೆ ಬಲವಾಗಿ ಅನ್ಸುತ್ತೆ.

ಅಂಕಿಅಂಶ:
ಸುಮಕ್ಕ, ಯೂನಿಯನ್ ಕಾರ್ಡ್ ವಿಷಯ ಒಪ್ಪಿದೆ. ಆದ್ರೆ ಯೂನಿಯನ್ ಹೇಳಿದ ಹಾಗೇ ಸದಸ್ಯರು ಕೇಳ್ತಾರೆ ಅಂತ ಯಾವಾಗ್ಲೂ ಇಲ್ಲ. ಲಾಸ್ ವೇಗಸ್‌ನಲ್ಲಿ ಹೋಟೆಲ್, ಕ್ಯಾಸಿನೊ ಅಡುಗೆಯೋರು, ರೂಮ್ ಕ್ಲೀನ್ ಮಾಡೋರದ್ದು ಕಲಿನರಿ ಯೂನಿಯನ್ ಅಂತಿದೆ, ಸುಮಾರು 60,000 ಸದಸ್ಯರು. 2020ರಲ್ಲಿ ಅದು ಯಾರಿಗೂ ಬೆಂಬಲ ಘೋಷಿಸ್ಲಿಲ್ಲ, ಆದ್ರೆ ಸ್ಯಾಂಡರ್ಸ್ ಆರೋಗ್ಯ ವಿಮೆ ಯೋಜನೆಯಿಂದ ನಮ್ಮ ಯೂನಿಯನ್ ವಿಮೆ ಹೋಗುತ್ತೆ ಅಂತ ಕರಪತ್ರ ಹಂಚ್ತು. ಕಾಕಸ್ ದಿನ, ಅಂದ್ರೆ ಜನ ಸಭೆ ಸೇರಿ ಗುಂಪುಗುಂಪಾಗಿ ನಿಂತು ಅಭ್ಯರ್ಥಿ ಆರಿಸೋ ದಿನ, ಕ್ಯಾಸಿನೊ ಒಳಗಿನ ಸಭೆಗಳಲ್ಲೇ ಯೂನಿಫಾರ್ಮ್ ಹಾಕ್ಕೊಂಡು ಬಂದ ಕೆಲಸಗಾರರು ಸ್ಯಾಂಡರ್ಸ್ ಕಡೆ ಹೋಗಿ ನಿಂತ್ರು. ಯಾಕಂದ್ರೆ ಸ್ಯಾಂಡರ್ಸ್ ಹುಡುಗರು ತಿಂಗಳುಗಟ್ಟಲೆ ಸ್ಪ್ಯಾನಿಷ್‌ನಲ್ಲಿ ಮನೆಮನೆಗೆ ಹೋಗಿ ಮಾತಾಡಿದ್ರು, ವಿಮೆ ಇಲ್ಲದ ಅಣ್ಣ ತಮ್ಮ ಅತ್ತಿಗೆ ನಾದಿನಿ ಎಲ್ಲರ ಮನೇಲೂ ಇರ್ತಾರೆ.

ಕೊಲಂಬಿಯಾ_ಕನ್ನಡಿಗ:
ಅಂಕಿಅಂಶ ಅವರೇ, ನೀವು ಹೇಳಿದ್ದೇ ನನ್ನ ಉತ್ತರಕ್ಕೆ ದಾರಿ ಮಾಡ್ಕೊಡ್ತು. ತುಂಗಾ_ತೀರ ಸರ್ ಕೇಳಿದ್ದಕ್ಕೆ ನಾನು ಕಂಡ ಹಾಗೆ ಹೇಳ್ತೀನಿ.

ಕ್ಲೈಬರ್ನ್ ಮಾತು ನಡೆದಿದ್ದು ಯಾಕಂದ್ರೆ ಅವರು ಕೇಳೋಕೆ ಕಾಯ್ತಿದ್ದೋರಿಗೆ ಹೇಳಿದ್ರು. ಇಲ್ಲಿ ಡೆಮಾಕ್ರಾಟಿಕ್ ಪ್ರೈಮರಿಗೆ ಬರೋರಲ್ಲಿ ಅರ್ಧಕ್ಕಿಂತ ಹೆಚ್ಚು ಕಪ್ಪು ಜನ, ಅದ್ರಲ್ಲೂ ಚರ್ಚಿಗೆ ಹೋಗೋ ಹಿರಿಯ ಹೆಂಗಸರು. ಕ್ಲೈಬರ್ನ್ ಅವರೇ ಹೇಳ್ಕೊಂಡಿರೋ ಘಟನೆ ಒಂದಿದೆ, ಹಾಪ್ಕಿನ್ಸ್ ಅನ್ನೋ ಊರಲ್ಲಿ ಸ್ನೇಹಿತರೊಬ್ಬರ ಅಂತ್ಯಕ್ರಿಯೆಗೆ ಹೋಗಿದ್ದಾಗ ಮುಂದಿನ ಸಾಲಲ್ಲಿ ಕೂತಿದ್ದ ಒಬ್ಬ ಅಜ್ಜಿ ಅವರನ್ನ ಬೆರಳು ಮಾಡಿ ಕರೆದು, ನೀವು ಯಾರಿಗೆ ವೋಟ್ ಹಾಕ್ತೀರಿ, ಬೇರೆಯೋರಿಗೆ ಕೇಳಿಸೋದು ಬೇಡ ಅಂದ್ರೆ ಕಿವೀಲಿ ಹೇಳಿ ಅಂದ್ರಂತೆ. ಇವರು ಬಗ್ಗಿ ಬೈಡನ್ ಅಂತ ಹೇಳಿದ್ರು. ನನಗೆ ಇದು ಬೇಕಿತ್ತು, ನಮ್ಮ ಜನಕ್ಕೂ ಇದು ಕೇಳಿಸ್ಬೇಕು ಅಂದ್ರಂತೆ ಆಯಮ್ಮ. ಕ್ಲೈಬರ್ನ್ 1993ರಿಂದ ಇಲ್ಲಿನ ಸಂಸದರು, ಅದಕ್ಕೂ ಮುಂಚೆ ಮೇಷ್ಟ್ರಾಗಿದ್ರು, ನಾಗರಿಕ ಹಕ್ಕಿನ ಹೋರಾಟದಲ್ಲಿ ಜೈಲಿಗೆ ಹೋದೋರು, ಪ್ರತಿವರ್ಷ ಕೊಲಂಬಿಯಾದಲ್ಲಿ ಅವರ ಹೆಸರಲ್ಲಿ ಮೀನು ಕರಿದು ಬಡಿಸೋ ಕೂಟ ನಡೆಯುತ್ತೆ, 2019ರ ಜೂನ್‌ನಲ್ಲಿ 21 ಜನ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳು ಒಂದೇ ಥರದ ನೀಲಿ ಟೀ ಶರ್ಟ್ ಹಾಕ್ಕೊಂಡು ಆ ಕೂಟಕ್ಕೆ ಬಂದು ನಿಂತಿದ್ರು. ಟಾಮ್ ಸ್ಟೇಯರ್ ಅನ್ನೋ ಶ್ರೀಮಂತರು ಇದೇ ರಾಜ್ಯದಲ್ಲಿ ಎರಡು ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಮೂರನೇ ಸ್ಥಾನಕ್ಕೆ ನಿಂತ್ರು. ಕೆನಡಿ ಬಗ್ಗೆ ಮ್ಯಾಸಚೂಸೆಟ್ಸ್‌ನಲ್ಲಿ ಪ್ರೀತಿ ಇರ್ಲಿಲ್ಲ ಅಂತಲ್ಲ, ಅಲ್ಲಿನ ಹೆಂಗಸರು, ಕಾರ್ಮಿಕರಿಗೆ ಕ್ಲಿಂಟನ್ ಹತ್ತು ಹದಿನೈದು ವರ್ಷದಿಂದ ಗೊತ್ತಿದ್ದ ಹೆಸರು, ಅವರು ತೀರ್ಮಾನ ಮಾಡಿ ಆಗಿತ್ತು, ಯಾರನ್ನೂ ಕೇಳೋ ಅಗತ್ಯ ಇರ್ಲಿಲ್ಲ. ಇಲ್ಲಿ ನಮ್ಮ ಮಿಸ್ ಥರ "ಇನ್ನೂ ನೋಡ್ತಿದೀನಿ" ಅನ್ನೋರು ಲಕ್ಷಾಂತರ ಜನ ಇದ್ರು.

ಎರಡನೇ ಸಂಗತಿ ನನಗೆ ಇನ್ನೂ ಮುಖ್ಯ ಅನ್ಸುತ್ತೆ, ಇದನ್ನ ಯಾರೂ ಹೇಳ್ಲಿಲ್ಲ. ಶನಿವಾರ ಬೈಡನ್ ಗೆದ್ರು, ಭಾನುವಾರ ಬುಟಿಜೆಜ್ ಕಣದಿಂದ ಹಿಂದೆ ಸರಿದ್ರು, ಸೋಮವಾರ ಏಮಿ ಕ್ಲೋಬುಷರ್ ಸರಿದ್ರು, ಸೋಮವಾರ ರಾತ್ರೀನೇ ಇಬ್ಬರೂ ಡಲ್ಲಾಸ್‌ನಲ್ಲಿ ಬೈಡನ್ ಪಕ್ಕ, ಟೆಕ್ಸಸ್‌ನ ಬೆಟೊ ಓರೂರ್ಕ್ ಕೂಡ. ಮಂಗಳವಾರ ಮಾರ್ಚ್ 3ಕ್ಕೆ 14 ರಾಜ್ಯದಲ್ಲಿ ವೋಟು, ಬೈಡನ್‌ಗೆ 10. ಕ್ಲೋಬುಷರ್ ಅವರ ತವರು ಮಿನ್ನೆಸೋಟಾದಲ್ಲಿ ಬೈಡನ್ ಪ್ರಚಾರ ಅಂತ ಏನೂ ಮಾಡಿರ್ಲಿಲ್ಲ, ಒಂದೇ ರಾತ್ರೀಲಿ ಆ ರಾಜ್ಯ ಗೆದ್ರು. ಕಣದಲ್ಲಿದ್ದ ನ್ಯೂಯಾರ್ಕ್ ಮಾಜಿ ಮೇಯರ್ ಬ್ಲೂಮ್‌ಬರ್ಗ್ ನೂರು ಕೋಟಿ ಡಾಲರ್ ಲೆಕ್ಕದಲ್ಲಿ ಖರ್ಚು ಮಾಡಿದ್ರು, ದೊಡ್ಡ ದೊಡ್ಡ ಊರಿನ ಮೇಯರ್‌ಗಳು ಅವರ ಕಡೆ ಇದ್ರು, ಗೆದ್ದಿದ್ದು ಪೆಸಿಫಿಕ್ ಸಮುದ್ರದ ಮಧ್ಯದ ಅಮೆರಿಕನ್ ಸಮೋವಾ ಒಂದೇ, ಬುಧವಾರ ಅವರೂ ಬೈಡನ್‌ಗೇ ಬೆಂಬಲ ಕೊಟ್ರು. ಸ್ಪರ್ಧೇಲಿದ್ದೋರೇ ತಮ್ಮ ಓಟ ನಿಲ್ಲಿಸಿ ಕೊಡೋ ಬೆಂಬಲ ಇದೆಯಲ್ಲ, ಅದರ ತೂಕ ಬೇರೆ, ಅವರ ಜೊತೆ ಅವರ ವೋಟು ಬರುತ್ತೆ.

2016ರ ರಿಪಬ್ಲಿಕನ್ನರಲ್ಲಿ ಆಗದೇ ಇದ್ದಿದ್ದು ಇದೇ. ರೂಬಿಯೊ, ಕ್ರೂಸ್, ಕೇಸಿಕ್ ಮೂವರೂ ನಾನ್ಯಾಕೆ ಬಿಡ್ಲಿ ಅಂತ ಕೂತ್ರು. ಹೇಲಿ ಬೆಂಬಲ ಕೊಟ್ಟ ಆ ಸೌತ್ ಕ್ಯಾರೊಲಿನಾ ಪ್ರೈಮರೀಲಿ ಟ್ರಂಪ್‌ಗೆ ಬಿದ್ದಿದ್ದು ನೂರಕ್ಕೆ ಮೂವತ್ತೆರಡೂವರೆ ವೋಟು, ಸಿಕ್ಕಿದ್ದು ರಾಜ್ಯದ 50ಕ್ಕೆ 50 ಪ್ರತಿನಿಧಿಗಳು, ಆ ರಾಜ್ಯದ ರಿಪಬ್ಲಿಕನ್ ನಿಯಮ ಹಾಗಿತ್ತು. ಡೆಮಾಕ್ರಾಟರಲ್ಲಿ ಶೇಕಡಾ 15 ದಾಟಿದೋರಿಗೆಲ್ಲ ಪಾಲು ಸಿಗುತ್ತೆ, ಹಾಗೆ ಒಬ್ಬರೇ ಗುಡಿಸ್ಕೊಂಡು ಹೋಗೋಕಾಗಲ್ಲ.

ಹುಬ್ಬಳ್ಳಿ_ಮಂದಿ:
ಅಣ್ಣಾರ, ಮಿನ್ನೆಸೋಟಾ ಮಾತಿಗೆ ನಾ ಸೋತೆ ನೋಡ್ರಿ. ಅಲ್ಲಿ ಗಾಳಿ ಮೊದ್ಲ ಇರಲಿಲ್ಲ, ಒಂದ ರಾತ್ರಿಯೊಳಗ ಬಂತು. ಆದ್ರ ಒಂದು ಕೇಳ್ತೀನಿ. ಕ್ಲೈಬರ್ನ್ ಪುಕ್ಕಟೆ ಕೊಟ್ರೇನ್ರಿ? ಏನಾರ ಕೇಳಿರಬೇಕಲ್ಲ?

ಕೊಲಂಬಿಯಾ_ಕನ್ನಡಿಗ:
ಕೇಳಿದ್ರು. ಬೆಂಬಲ ಘೋಷಿಸೋ ಹಿಂದಿನ ರಾತ್ರಿ ಚಾರ್ಲ್ಸ್‌ಟನ್‌ನಲ್ಲಿ ಟಿವಿ ಚರ್ಚೆ ಇತ್ತು. ಸುಪ್ರೀಂ ಕೋರ್ಟಿಗೆ ಕಪ್ಪು ಮಹಿಳೆಯೊಬ್ಬರನ್ನ ನೇಮಿಸ್ತೀನಿ ಅಂತ ಮಾತು ಕೊಡಿ ಅಂತ ಕ್ಲೈಬರ್ನ್ ಮೊದಲೇ ಹೇಳಿದ್ರು, ಚರ್ಚೆ ಅರ್ಧ ಆದ್ರೂ ಬೈಡನ್ ಬಾಯಲ್ಲಿ ಬರ್ಲಿಲ್ಲ, ಬ್ರೇಕ್‌ನಲ್ಲಿ ಇವರು ಎದ್ದು ವೇದಿಕೆ ಹಿಂದಕ್ಕೆ ಹೋಗಿ ನೆನಪಿಸಿ ಬಂದ್ರು. ಕೊನೆಗೆ ಬೈಡನ್ ಹೇಳಿದ್ರು. 2022ರ ಏಪ್ರಿಲ್‌ನಲ್ಲಿ ಕೆಟಾಂಜಿ ಬ್ರೌನ್ ಜಾಕ್ಸನ್ ಅವರ ನೇಮಕಕ್ಕೆ ಸೆನೆಟ್ ಒಪ್ಪಿಗೆ ಸಿಕ್ತು. ತಮಗೋ ತಮ್ಮ ಮಕ್ಕಳಿಗೋ ಏನೋ ಕೇಳ್ಕೊಂಡಿದ್ರೆ ನಾನು ಇಷ್ಟು ಗೌರವದಿಂದ ಬರೀತಿರ್ಲಿಲ್ಲ.

ಮೇಷ್ಟ್ರು_65:
ಇನ್ನೊಂದೂ ಇದೆ. 2024ಕ್ಕೆ ಡೆಮಾಕ್ರಾಟಿಕ್ ಪಕ್ಷ ಅಯೋವಾ, ನ್ಯೂ ಹ್ಯಾಂಪ್‌ಶೈರ್ ಎರಡನ್ನೂ ಹಿಂದಕ್ಕೆ ಹಾಕಿ ಸೌತ್ ಕ್ಯಾರೊಲಿನಾನ ಅಧಿಕೃತವಾಗಿ ಮೊದಲನೇ ಪ್ರೈಮರಿ ಮಾಡ್ತು, ಫೆಬ್ರವರಿ 3ಕ್ಕೆ. ದಶಕಗಳಿಂದ ಬಂದ ಕ್ರಮ ಬದಲಾಯ್ತು. ಹೀಗೆ ಯಾವ ರಾಜ್ಯ ಮೊದಲು ಅಂತ ನಿಯಮ ಮಾಡೋ ಅಧಿಕಾರ ಮಾತ್ರ ಪಕ್ಷದ ಕೈಲೇ ಇದೆ, ಬಿ ಫಾರ್ಮ್ ಹೋದ್ರೂ.

ಸುಮಕ್ಕ_ಮಿಶಿಗನ್:
ಕೊಲಂಬಿಯಾ ಅವರೇ, ನಿಮ್ಮ ಲ್ಯಾಬಿನ ಆ ಮಿಸ್ ಶನಿವಾರ ವೋಟ್ ಹಾಕಿದ್ರಾ? ಅದು ಹೇಳ್ಲೇ ಇಲ್ಲ ನೀವು.

ಕೊಲಂಬಿಯಾ_ಕನ್ನಡಿಗ:
ಹಾಕಿದ್ರು ಸುಮಕ್ಕ. ಒಬ್ಬರೇ ಹೋಗ್ಲಿಲ್ಲ, ಅವರ ಚರ್ಚಿನ ನಾಲ್ಕು ಜನ ಹೆಂಗಸರನ್ನ ತಮ್ಮ ಕಾರಲ್ಲೇ ಕೂರಿಸ್ಕೊಂಡು ಶಾಲೆಯ ಜಿಮ್ ಹಾಲಿಗೆ ಹೋಗಿದ್ರಂತೆ. ಸಂಜೆ ಏಳಕ್ಕೆ ಪೋಲಿಂಗ್ ಮುಗೀತು, ಏಳು ಹೊಡೀತಿದ್ದ ಹಾಗೇ ಬೈಡನ್ ಗೆದ್ರು ಅಂತ ಟಿವೀಲಿ ಬಂತು. ಸೋಮವಾರ ಬೆಳಗ್ಗೆ ಕೇಳಿದೆ, ಕ್ಲೈಬರ್ನ್ ಹೇಳದೇ ಇದ್ದಿದ್ರೆ ಯಾರಿಗೆ ಹಾಕ್ತಿದ್ರಿ ಅಂತ. ರಿಜಿಸ್ಟರ್‌ನಿಂದ ತಲೆ ಎತ್ತದೇನೆ, "ಬೈಡನ್‌ಗೇ ಹಾಕ್ತಿದ್ನೇನೋ, ಆದ್ರೆ ಆ ನಾಲ್ಕು ಜನರನ್ನ ಎಬ್ಬಿಸ್ಕೊಂಡು ಹೋಗ್ತಿರ್ಲಿಲ್ಲ" ಅಂದ್ರು.